ಮಡಿಕೇರಿ ಮಳೆಗೆ ಯಾವ ಸೆಂಟು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ನಿಂಬೆ, ಕಿತ್ತಳೆ ಘಮದ ಸೆಂಟು ಹಾಕಿ ಪ್ರಯೋಜನ ಕಡಿಮೆ. ಅವು ಹೇಗೂ ಬೇಗ ಹಾರುವಂಥವು; ಮೇಲೆ ಸ್ವೆಟರ್ ಬಿದ್ದರೆ ಪಕ್ಕದವರಿಗೂ ತಿಳಿಯದು. ಗಂಧ, ಲಾವಂಚದ ಕಡೆ ಹೋಗಿ. ಬಾಟಲಿ ಮೇಲೆ ‘ಓ ದ ಪರ್ಫಂ’ ಎಂದಿದ್ದರೆ ಸುಗಂಧತೈಲ ಸುಮಾರು 15–20%. ‘ಓ ದ ಟ್ವಾಲೆಟ್’ನಲ್ಲಿ ಅದಕ್ಕಿಂತ ಕಡಿಮೆ.

ಕಾಗದದ ಪಟ್ಟಿ ಮೂಸಿದ್ದೇ ದುಡ್ಡು ಕೊಡಬೇಡಿ. ಮಣಿಕಟ್ಟಿಗೆ ಒಂದು ಸಲ ಹೊಡೆದು, ಉಜ್ಜದೆ, ಅರ್ಧ ಗಂಟೆ ಪೇಟೆ ಸುತ್ತಿ ಬನ್ನಿ. ಮೊದಲ ಘಾಟು ಆಲ್ಕೋಹಾಲ್ ಜೊತೆ ಹಾರಿದ ಮೇಲೆಯೇ ಮೈಮೇಲೆ ಉಳಿಯುವುದೇನೆಂದು ಗೊತ್ತಾಗುವುದು. ಒಂದು ಸೆಂಟು ಮೂಸಿ ಇನ್ನೊಂದು ಮೂಸುವ ನಡುವೆ, ಮೂಗು ತಿಳಿಯಾಗಲೆಂದು ಅಂಗಡಿಯವರು ಕಾಫಿಬೀಜ ಹಿಡಿಯುತ್ತಾರೆ. ಕೊಡಗಿನವರಿಗೇ ಕಾಫಿಬೀಜ! ನಿಮ್ಮ ತೋಳನ್ನೇ ಮೂಸಿದರೂ ಸಾಕು.

ಒಣ ಚರ್ಮವಾದರೆ ಮೊದಲು ವಾಸನೆಯಿಲ್ಲದ ಕ್ರೀಮು ಸವರಿ, ಆಮೇಲೆ 15 ಸೆಂ.ಮೀ. ದೂರದಿಂದ ಕತ್ತಿನ ಬುಡಕ್ಕೆ ಎರಡು ಸಲ. ಮದುವೆಗೆ ಹೊರಟಿದ್ದರೆ ರೇಷ್ಮೆ ಚೇಲೆ (ಕೊಡವರ ಸೊಂಟಪಟ್ಟಿ) ಕಟ್ಟುವ ಮೊದಲೇ ಹೊಡೆದು ಒಣಗಲು ಬಿಡಿ. ರೇಷ್ಮೆಗೆ ತಾಗಿದರೆ ಕಲೆ ಕೂರುತ್ತದೆ.