ಕಫದಲ್ಲಿ ಕ್ಷಯವಿಲ್ಲ, ಶ್ವಾಸಕೋಶದಲ್ಲಿ ಕುಹರಗಳಿವೆ

ಬಳ್ಳಾರಿಯಲ್ಲಿ ಎದೆಯ ಎಕ್ಸ್‌ರೇ ವರದಿ ಬರೆಯುವ ನಮಗೆ ಶ್ವಾಸಕೋಶದಲ್ಲಿ ಕುಹರ (ಟೊಳ್ಳಾದ ಜಾಗ) ಕಂಡೊಡನೆ ಕ್ಷಯವೇ ನೆನಪಾಗುತ್ತದೆ. ಸಂಡೂರಿನ ಕಡೆ ಗಣಿಗಳಲ್ಲಿ ದುಡಿದವರ ಫಿಲ್ಮಿನಲ್ಲಿ ಗಂಟುಗಳಿದ್ದರೆ ಕಲ್ಲಿನ ಧೂಳು ಉಸಿರಾಡಿ ಬರುವ ಶ್ವಾಸಕೋಶದ ಕಾಯಿಲೆಯಾದ ಸಿಲಿಕೋಸಿಸ್ ಕೂಡ ನೆನಪಿಗೆ ಬರುತ್ತದೆ. ಎರಡೂ ನ್ಯಾಯವಾದ ಅನುಮಾನಗಳೇ. ಆದರೆ ಕೆಮ್ಮಿನಲ್ಲಿ ರಕ್ತ ಬೀಳುತ್ತಿದ್ದ, ಕಫ ಪರೀಕ್ಷೆಯಲ್ಲಿ ಮಾತ್ರ ಕ್ಷಯದ ಸುಳಿವೇ ಸಿಗದ ಒಬ್ಬ ರೋಗಿಯ ಹಳೆಯ ಫಿಲ್ಮುಗಳನ್ನು ತಾರೀಖಿನ ಪ್ರಕಾರ ಸಾಲಾಗಿ ಹಚ್ಚಿ ನೋಡಿದಾಗ ಲೆಕ್ಕ ತಾಳೆಯಾಗಲಿಲ್ಲ. ಎಡಭಾಗದ ಗಂಟೊಂದು ಯಾವ ಚಿಕಿತ್ಸೆಯೂ ಇಲ್ಲದೆ ಕುಗ್ಗಿತ್ತು. ಬಲಭಾಗದಲ್ಲಿ ಹೊಸ ಗಂಟುಗಳು ಮೂಡಿ, ಅವುಗಳಲ್ಲೊಂದು ದಪ್ಪನೆಯ, ಅಂಕುಡೊಂಕಾದ ಗೋಡೆಯ ಕುಹರವಾಗಿತ್ತು. ಕ್ಷಯದ ಕುಹರ ಸಾಮಾನ್ಯವಾಗಿ ಮೇಲ್ಭಾಗವನ್ನು ಹಿಡಿಯುತ್ತದೆ. ಇಲ್ಲಿ ಅಂಥ ಒಲವೇನೂ ಕಾಣಲಿಲ್ಲ.

ರೋಗಿಯನ್ನು ಕರೆಸಿ ಕೇಳಿದಾಗ, ಮೂಗಿನಲ್ಲಿ ರಕ್ತದ ಹಕ್ಕಳೆ ಕಟ್ಟುವುದನ್ನು ಅವರು ಶೀತವೆಂದೇ ತಿಳಿದಿದ್ದರು. ಮೂಗು, ಶ್ವಾಸಕೋಶ ಎರಡನ್ನೂ ಹಿಡಿಯುವ ರಕ್ತನಾಳದ ಕಾಯಿಲೆ ಮೂತ್ರಪಿಂಡವನ್ನೂ ತಟ್ಟಿರಬಹುದು. ಹೀಗಾಗಿ ಮೂತ್ರ ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ಅಳೆಯುವ ರಕ್ತಪರೀಕ್ಷೆ) ಮಾಡಿಸಲು ವರದಿಯಲ್ಲೇ ಬರೆದೆ. ಮೂತ್ರದಲ್ಲಿ ಕೆಂಪು ರಕ್ತಕಣಗಳು ಸಿಕ್ಕವು, ಮುಂದೆ ಸಿ-ಆಂಕಾ (ಸ್ವಂತ ಬಿಳಿ ರಕ್ತಕಣಗಳ ವಿರುದ್ಧದ ಪ್ರತಿಕಾಯಗಳನ್ನು ಹುಡುಕುವ ರಕ್ತಪರೀಕ್ಷೆ) ಪಾಸಿಟಿವ್ ಬಂತು, ಮೂತ್ರಪಿಂಡದ ಬಯಾಪ್ಸಿ ಅನುಮಾನವನ್ನು ಖಚಿತಪಡಿಸಿತು. ಅದು ಗ್ರಾನ್ಯುಲೊಮಾಟೋಸಿಸ್ ವಿತ್ ಪಾಲಿಆಂಜೈಟಿಸ್, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ರಕ್ತನಾಳಗಳ ಮೇಲೆ ತಿರುಗಿಬೀಳುವ ಅಪರೂಪದ ಕಾಯಿಲೆ. 2011ರಲ್ಲಿ ಹೆಸರು ಬದಲಾದರೂ ಹಳಬರು ಇಂದಿಗೂ ಇದನ್ನು ವೆಗೆನರ್ ಎಂದೇ ಕರೆಯುತ್ತಾರೆ.

ಆಂಕಾ ಒಂದನ್ನೇ ನಂಬಿ ಕೂರಬಾರದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಕ್ಷಯರೋಗಿಗಳಲ್ಲೂ ಅದು ಪಾಸಿಟಿವ್ ಬರಬಹುದು, ಈ ಕಾಯಿಲೆಯಿದ್ದವರಲ್ಲೂ ಕೆಲವೊಮ್ಮೆ ನೆಗೆಟಿವ್ ಇರಬಹುದು. ಗಂಟುಗಳೇ ಇಲ್ಲದೆ ಎರಡೂ ಶ್ವಾಸಕೋಶಗಳಲ್ಲಿ ಬಿಳಿ ಮಬ್ಬು ಹರಡಿದ್ದರೆ, ಅದು ನ್ಯುಮೋನಿಯಾ ಆಗಿರದೆ ಗಾಳಿಗೂಡುಗಳೊಳಗಿನ ರಕ್ತಸ್ರಾವವೂ ಆಗಿರಬಹುದು. ಹಿಮೋಗ್ಲೋಬಿನ್ ದಿಢೀರನೆ ಇಳಿದಿದ್ದರೆ ತಡಮಾಡುವಂತಿಲ್ಲ. ಸಣ್ಣ ಗಂಟುಗಳು ಎಕ್ಸ್‌ರೇಯಲ್ಲಿ ತಪ್ಪಿಸಿಕೊಳ್ಳುತ್ತವಾದ್ದರಿಂದ ಅನುಮಾನವಿದ್ದಲ್ಲಿ ಸಿಟಿ ಸ್ಕ್ಯಾನ್ ಮಾಡಿಸಬೇಕಾಗುತ್ತದೆ.

ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡ್ ಮತ್ತು ಸೈಕ್ಲೋಫಾಸ್ಫಮೈಡ್ ಔಷಧಿಗಳನ್ನು ಆರಂಭಿಸುವ ಮೊದಲು ವೈದ್ಯರು ಕ್ಷಯ ಇಲ್ಲವೆಂಬುದನ್ನು ಮತ್ತೊಮ್ಮೆ ದೃಢಪಡಿಸಿಕೊಂಡರು. ನಮ್ಮ ಕಡೆ ಈ ಹೆಜ್ಜೆಯನ್ನು ಬಿಡುವಂತೆಯೇ ಇಲ್ಲ. ಚಿಕಿತ್ಸೆಯ ನಂತರದ ಫಿಲ್ಮಿನಲ್ಲಿ ಗಂಟುಗಳು ಕರಗಿ, ಕುಹರವಿದ್ದಲ್ಲಿ ಗೆರೆಯಂಥ ಕಲೆ ಉಳಿದಿತ್ತು. ಈ ಔಷಧಿಗಳಲ್ಲಿರುವ ಇಂಥವರಲ್ಲಿ ಮುಂದೆ ಹೊಸ ಕುಹರ ಮೂಡಿದರೆ, ಅದು ಕಾಯಿಲೆ ಮರುಕಳಿಸಿದ್ದೂ ಆಗಿರಬಹುದು, ಈ ಸಲ ನಿಜವಾಗಿಯೂ ಕ್ಷಯವೇ ಆಗಿರಬಹುದು. ಆದ್ದರಿಂದ ಕಫ ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಮಾಡಿಸಬೇಕು.