ತಿರುವಿನ ಕನ್ನಡಿಯೊಳಗಿನ ಬಸ್

ಕದ್ರಿ ಗುಡ್ಡದ ತಿರುವಿನ ಉಬ್ಬುಗನ್ನಡಿಯಲ್ಲಿ ಇವತ್ತು ಸಿಟಿ ಬಸ್ ಕಾಣಿಸಿತು, ಬೆಂಕಿಪೊಟ್ಟಣದಷ್ಟು.

ನಿಂತಲ್ಲೇ ಲೆಕ್ಕ ಹಾಕಿದೆ. ಕನ್ನಡಿಯ ವಕ್ರತಾ ತ್ರಿಜ್ಯ, ಅಂದರೆ ಅದು ಯಾವ ಗೋಳದ ತುಂಡೋ ಆ ಗೋಳದ ತ್ರಿಜ್ಯ, 1 ಮೀಟರ್ ಎಂದುಕೊಳ್ಳಿ; ಸಂಗಮ ದೂರ, ಅಂದರೆ ತುಂಬ ದೂರದ ಬೆಳಕು ಕನ್ನಡಿಯ ಹಿಂದೆ ಕೂಡಿದಂತೆ ತೋರುವ ಬಿಂದುವಿನ ದೂರ, ಅದರ ಅರ್ಧ, 50 ಸೆಂ.ಮೀ. ಬಸ್ 20 ಮೀಟರ್ ಆಚೆ ಇದ್ದರೆ ಬಿಂಬ ಅದರ 41ರಲ್ಲಿ ಒಂದು ಪಾಲು. 10 ಮೀಟರಿಗೆ ಬಂದರೆ 21ರಲ್ಲಿ ಒಂದು. ಗಾತ್ರ ಹೆಚ್ಚುಕಡಿಮೆ ದುಪ್ಪಟ್ಟು!

ಆದರೆ ಕನ್ನಡಿಯ ಹಿಂದೆ ಆ ಬಿಂಬ ಸರಿದದ್ದು? ಒಂದು ಸೆಂಟಿಮೀಟರ್ ಚಿಲ್ಲರೆ, ಅಷ್ಟೇ.

ಮೀನಿನ ಲಾರಿ, ಶಾಲೆಯ ಮಕ್ಕಳು, ದೂರದ ತೆಂಗಿನ ಮರಗಳು, ಇಡೀ ರಸ್ತೆಯೇ ಸಂಗಮ ದೂರದ ಆ ಅರ್ಧ ಮೀಟರಿನೊಳಗೆ ನೆಟ್ಟಗೆ ನಿಂತಿದೆ. ಎಷ್ಟು ದೂರದ್ದಾದರೂ ಅದರಾಚೆ ಹೋಗುವಂತಿಲ್ಲ.

ನಮ್ಮ ಚಾಲಕರಿಗೆ ಈ ಲೆಕ್ಕದ ಗೊಡವೆಯೇ ಇಲ್ಲ. ಬಿಂಬ ದೊಡ್ಡದಾಗುವ ವೇಗ ನೋಡಿಯೇ ಬ್ರೇಕ್ ಒತ್ತುತ್ತಾರೆ. ಕೆಲವರು ಅದನ್ನೂ ನೋಡುವುದಿಲ್ಲ, ಹಾರನ್ ಒಂದಿದ್ದರೆ ಸಾಕು ಅವರಿಗೆ.