ಹಳೇ ಅಂಬಾಸಿಡರ್, ಪದ್ಮಿನಿಗೆ ಯಾವ ಆಯಿಲ್ ಹಾಕಿಸಬೇಕು?

ತುಮಕೂರಲ್ಲಿ ಹಳೇ ಗಾಡಿ ಇಟ್ಟುಕೊಂಡವರು ಸಿಕ್ಕಾಗೆಲ್ಲ ಕೇಳುವುದು ಇದೇ: "ಸಾರ್, ಜಾಸ್ತಿ ರೇಟಿನ ಸಿಂಥೆಟಿಕ್ ಆಯಿಲ್ ಹಾಕಿಸಿಬಿಡ್ಲಾ?" ಬೇಡ ಅನ್ನುತ್ತೇನೆ. ಇಸುಜು ಎಂಜಿನ್ ಬರುವ ಮುಂಚಿನ ಪೆಟ್ರೋಲ್ ಅಂಬಾಸಿಡರ್ ಇರಲಿ, ಪದ್ಮಿನಿ ಇರಲಿ, ನಮ್ಮೂರಿನ ಹವೆಗೆ 20ಡಬ್ಲ್ಯೂ-50 ಮಿನರಲ್ ಆಯಿಲ್ಲೇ ಸರಿ.

ಮೊದಲ ಅಂಕಿ ಚಳಿಯದ್ದು. 0ಡಬ್ಲ್ಯೂ, 5ಡಬ್ಲ್ಯೂ ಎಲ್ಲ ಹಿಮ ಬೀಳುವ ಊರುಗಳಿಗೆ. ನಮ್ಮ ಡಿಸೆಂಬರ್ ಚಳಿಗೆ 20ಡಬ್ಲ್ಯೂ ಧಾರಾಳವಾಯಿತು. ಎರಡನೇ ಅಂಕಿ, ಆಯಿಲ್ 100 ಡಿಗ್ರಿಗೆ ಕಾದಾಗ ಎಷ್ಟು ಮಂದ ಉಳಿಯುತ್ತದೆ ಅನ್ನುವುದು. ಏಪ್ರಿಲ್ ಬಿಸಿಲಲ್ಲಿ ದೇವರಾಯನದುರ್ಗ ಹತ್ತಿಸಿದರೆ ಆ 50ರ ಬೆಲೆ ಗೊತ್ತಾಗುತ್ತದೆ. ಸವೆದ ಬೇರಿಂಗಿನ ಸಂದಿಯಲ್ಲಿ ತೆಳು ಆಯಿಲ್ ನಿಲ್ಲುವುದಿಲ್ಲ. ಮೇಲೆ ಹೋಗಿ ನ್ಯೂಟ್ರಲ್‌ಗೆ ಹಾಕಿದ ಕೂಡಲೇ ಪ್ರೆಶರ್ ಲೈಟು ಮಿಣುಕಲು ಶುರು. ಹಳೇ ಸೀಲು, ಪ್ಯಾಕಿಂಗ್‌ಗಳಲ್ಲಿ ಜಿನುಗುವುದೂ ತೆಳು ಆಯಿಲ್ಲೇ ಜಾಸ್ತಿ.

ಗ್ರೇಡಿಗಿಂತ ನನಗೆ ಝಿಂಕಿನ ಚಿಂತೆ ಹೆಚ್ಚು. ಇದನ್ನು ಯಾರೂ ಕೇಳುವುದೇ ಇಲ್ಲ. ಅಂಬಾಸಿಡರ್‌ನ 1489 ಸಿಸಿ, ಪದ್ಮಿನಿಯ 1089 ಸಿಸಿ, ಎರಡೂ ಪುಶ್‌ರಾಡ್ ಎಂಜಿನ್, ಅಂದರೆ ಕೆಳಗಿರುವ ಕ್ಯಾಮ್ ಉದ್ದ ಕಡ್ಡಿಗಳ ಮೂಲಕ ಮೇಲಿನ ವಾಲ್ವುಗಳನ್ನು ತೆರೆಯುತ್ತದೆ. ಕ್ಯಾಮಿನ ಉಬ್ಬು, ಆ ಕಡ್ಡಿಯ ಬುಡದಲ್ಲಿರುವ ಟ್ಯಾಪೆಟ್ಟಿನ ಚಪ್ಪಟೆ ತಳಕ್ಕೆ ಉಜ್ಜಿಕೊಂಡೇ ಅದನ್ನು ಎತ್ತುತ್ತದೆ. ನಡುವೆ ರೋಲರ್ ಇಲ್ಲ. ಆ ಒತ್ತಡಕ್ಕೆ ಆಯಿಲ್ ಪದರ ಹರಿದಾಗ ಕಬ್ಬಿಣವನ್ನು ಕಾಯುವುದು ಝಡ್‌ಡಿಡಿಪಿ ಅನ್ನುವ ಝಿಂಕ್, ರಂಜಕದ ಅಂಶ. ರಂಜಕ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತದೆ ಅಂತ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಎನ್, ಎಸ್‌ಪಿ ದರ್ಜೆಯ 5ಡಬ್ಲ್ಯೂ-30ರಂಥ ಆಯಿಲ್‌ಗಳಲ್ಲಿ ಅದಕ್ಕೆ 800 ಪಿಪಿಎಂ (ಹತ್ತು ಲಕ್ಷದಲ್ಲಿ 800 ಪಾಲು) ಮಿತಿ ಇದೆ. ನಮ್ಮ ಗಾಡಿಗಳಲ್ಲಿ ಕನ್ವರ್ಟರೇ ಇಲ್ಲ, ಅಲ್ವಾ? 20ಡಬ್ಲ್ಯೂ-50ಕ್ಕೆ ಆ ಮಿತಿ ಇಲ್ಲ. ಆದರೂ ಕಂಪನಿಯಿಂದ ಕಂಪನಿಗೆ ಪ್ರಮಾಣ ಬೇರೆ. ಕೊಳ್ಳುವ ಮುಂಚೆ ಡೇಟಾ ಶೀಟ್ ತೆಗೆದು ನೋಡಿ. ಝಿಂಕ್ 1000ದಿಂದ 1200 ಪಿಪಿಎಂ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ.

ವರ್ಷಗಟ್ಟಲೆ ನಿಂತಿದ್ದ ಗಾಡಿಯಾದರೆ ಮೊದಲು ಸಂಪ್ (ಎಂಜಿನ್ನಿನ ತಳದ ಆಯಿಲ್ ತಟ್ಟೆ) ಬಿಚ್ಚಿಸಿ ಗಸಿ ತೆಗೆಸಿ. ಇಲ್ಲದಿದ್ದರೆ ಹೊಸ ಆಯಿಲ್ಲಿನ ಡಿಟರ್ಜೆಂಟ್ ಅದನ್ನು ಸಡಿಲ ಮಾಡಿ ಪಂಪಿನ ಜಾಲರಿಗೆ ತಂದು ಕಟ್ಟಿಸುತ್ತದೆ. ಆಮೇಲೆ ಗಾಡಿ ಓಡಲಿ ಬಿಡಲಿ, ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಸುಮ್ನೆ ನಿಂತ ಎಂಜಿನ್ನಿನ ಆಯಿಲ್‌ನಲ್ಲೂ ನೀರಿನಂಶ, ಆಮ್ಲ ಸೇರಿರುತ್ತವೆ. ಬದಲಿಸುವಾಗ ಒಂದು ಸುತ್ತು ಓಡಿಸಿ, ಎಂಜಿನ್ ಬಿಸಿ ಇರುವಾಗಲೇ ಹಳೇ ಆಯಿಲ್ ಇಳಿಸಿ.